ಇಳಿಜಾರಿನ ಎಡ

ಟಿಲ್ಲರಿಗೆ ಗುಂಡಗಿನ ಸ್ಟೇರಿಂಗು ಇಲ್ಲ.
ಎಮ್ಮೆಯ ಕೊಂಬಿನ ಹಾಗೆ ಎರಡು ಹಿಡಿ,
ಒಂದೊಂದರ ಅಡಿಗೂ ಗೇಣುದ್ದದ ಒಂದು ಕ್ಲಚ್ಚು.
ಎಡದ್ದು ಒತ್ತಿದರೆ ಎಡಗಾಲಿಯ ಉಸಿರು ನಿಲ್ಲುತ್ತದೆ,
ಬಲಗಾಲಿ ಒಂದೇ ದುಡಿದು
ಗಾಡಿಯನ್ನು ಎಡಕ್ಕೆ ಹೊರಳಿಸುತ್ತದೆ.
ಇಷ್ಟು ಸಮತಟ್ಟಿನ ವಿದ್ಯೆ.
ಇದನ್ನು ಕಲಿಯಲು ನನಗೆ ಬೇಕಾದದ್ದು
ಒಂದು ಮಧ್ಯಾಹ್ನ, ಒಂದು ಬೇಲಿ,
ಪಕ್ಕದವರ ಎರಡು ಸಾಲು ಆಲೂಗಡ್ಡೆ.

ಉಳಿದದ್ದನ್ನು ಹೇಳಿಕೊಟ್ಟವರು ಆಲೂರಿನ ಖಲಂದರ್ ಸಾಬರು,
ವೆಲ್ಡಿಂಗಿಗೆ ಒಂದು ಕಣ್ಣು ಕೊಟ್ಟು
ಇನ್ನೊಂದರಲ್ಲೇ ಬೋಲ್ಟಿನ ಅಳತೆ ಹೇಳುವವರು.
"ನೋಡಮ್ಮ, ಇಳಿಜಾರಲ್ಲಿ ಇದರ ಬುದ್ಧಿ ತಿರುಗತ್ತೆ.
ಅಲ್ಲಿ ಎಂಜಿನ್ನು ಎಳೆಯಲ್ಲ, ಹಿಡ್ಕೊಂಡಿರತ್ತೆ.
ಎಡದ್ದು ಒತ್ತಿದ್ರೆ ಎಡಗಾಲಿಗೆ ರಜಾ ಸಿಕ್ಕಂಗೆ,
ಬಿಟ್ಟ ಗಾಲಿ ಮುಂದಕ್ಕೆ ಓಡತ್ತೆ, ಗಾಡಿ ಬಲಕ್ಕೆ ಹೋಗತ್ತೆ.
ಏರಲ್ಲಿ ಎಡ ಅಂದ್ರೆ ಎಡ.
ಇಳಿಯುವಾಗ ಎಡ ಬೇಕಾದ್ರೆ ಬಲ."
ಹೇಳಿ, ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡರು.
ನಾನು ನಕ್ಕೆ. ಅವರು ನಗಲಿಲ್ಲ.
"ಬದಲಾಗಿದ್ದು ಗೊತ್ತಾಗೋದು ಹೆಂಗೆ?" ಅಂದೆ.
"ಕೂತ ಜಾಗಕ್ಕೆ ಗೊತ್ತಾಗತ್ತೆ. ತಲೆಗಲ್ಲ."

ನಿಜ. ಮೊದಲು ಸದ್ದು ಬದಲಾಗುತ್ತದೆ:
ದುಡಿಯುವ ಡುಬುಡುಬು ತಗ್ಗಿ
ಹಲ್ಲು ಕಚ್ಚಿದ ಗೊರಗೊರ ಬರುತ್ತದೆ.
ಆಮೇಲೆ ಟ್ರೈಲರಿನ ಕೊಕ್ಕೆ ಟಕ್ ಎಂದು
ಇಷ್ಟು ಹೊತ್ತು ಎಳೆಸಿಕೊಂಡದ್ದು ನೂಕಲು ಶುರುಮಾಡುತ್ತದೆ.
ಆ ಟಕ್ಕಿನ ಈಚೆಗೆ ಒಂದು ಭಾಷೆ, ಆಚೆಗೆ ಇನ್ನೊಂದು.
ನಡುವೆ ಒಂದು ಮಾರು ರಸ್ತೆ,
ಎಡವೂ ಎಡವಲ್ಲ, ಬಲವೂ ಬಲವಲ್ಲ.
ಅಲ್ಲಿ ಏನನ್ನೂ ಒತ್ತಬಾರದು.

ಜವರಪ್ಪ ಭಾವ ಸರ್ಕಾರಿ ಬಸ್ಸಿನ ಡ್ರೈವರು.
ಇಪ್ಪತ್ತಾರು ವರ್ಷ ಹಾಸನ ಧರ್ಮಸ್ಥಳ,
ಶಿರಾಡಿಯ ಒಂದೊಂದು ತಿರುವೂ ಅವರ ಮೊಣಕೈಗೆ ಗೊತ್ತು.
ಎದೆಯಗಲದ ಸ್ಟೇರಿಂಗು. ಎಡಕ್ಕೆ ತಿರುಗಿಸಿದರೆ
ಜನವೆಲ್ಲ ಬಲಕ್ಕೆ ವಾಲಿದರೂ
ಬಸ್ಸು ಎಡಕ್ಕೇ ಹೋಗುವುದು.
ರಜೆಗೆ ಬಂದವರು ಆ ಸಂಜೆ
ಶುಂಠಿ ಮೂಟೆಗಳ ಮೇಲೆ ಹತ್ತಿ ಕೂತರು,
"ನಡಿ, ನಾನಿದ್ದೀನಿ."

ಮಗ್ಗೆಯ ಇಳಿಜಾರು. ಇಪ್ಪತ್ತೆರಡು ಮೂಟೆ, ಮೇಲೆ ಭಾವ.
ಕೆಳಗೊಂದು ಮೋರಿ, ಎರಡೂ ಕಡೆ ಗೋಡೆಯಿಲ್ಲ.
ಟಕ್.
ಎದುರಿನಿಂದ ಹಾಲಿನ ವ್ಯಾನು, ದೀಪ ತಗ್ಗಿಸದೆ.
"ಎಡಕ್ಕೆ! ಎಡಕ್ಕೆ ಹಿಡಿ!"
ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ದನಿ.
ನನ್ನ ಎಡಗೈ ಒತ್ತಲು ಹೋಗಿಯೇಬಿಟ್ಟಿತ್ತು,
ಹಿರಿಯರ ಮಾತನ್ನು ಮೊದಲು ಕೇಳುವುದು ಕೈಯೇ.
ಕೂತ ಜಾಗ ಬೇಡ ಅಂದಿತು.
ಬಲಗೈಯ ನಾಲ್ಕೂ ಬೆರಳು ಮಡಚಿದೆ.
ಭಾವ ಮೂಟೆಯ ಮೇಲಿಂದ ಬಾಗಿ ನೋಡಿದರು:
ನಾನು ಬಲವನ್ನು ಒತ್ತುವುದು,
ಗಾಡಿ ಎಡಕ್ಕೆ ಸರಿಯುವುದು,
ಹಿಡಿಗಳು ಬಲಕ್ಕೆ ಬೀಸಿ ನನ್ನ ಪಕ್ಕೆಗೆ ಗುದ್ದುವುದು,
ವ್ಯಾನಿನ ಕನ್ನಡಿ ಗೋಣಿಯ ಕಿವಿ ಸವರಿ ಹೋಗುವುದು.
ಬಿಟ್ಟೆ. ಮೋರಿ ದಾಟಿತು.
ಸಮಕ್ಕೆ ಬಂದಾಗ ಮತ್ತೆ ಟಕ್.
ಎಡ ಎಡವಾಯಿತು.

"ನಾನ್ ಹೇಳಿದ್ದು ಎಡ" ಅಂದರು, ಬಹಳ ಹೊತ್ತಿನ ಮೇಲೆ.
"ಎಡಕ್ಕೇ ಹೋಯ್ತಲ್ಲ ಭಾವ."
"ನೀ ಒತ್ತಿದ್ದು ಬಲ."
"ಹೂಂ."
ಆಲೂರಿನ ಹೋಟೆಲಿನಲ್ಲಿ ಅವರ ಟೀ ಆರಿತು.
ಮೇಜಿನ ಮೇಲೆ ಎರಡು ಕೈ
ಗುಂಡಗಿನ ಏನನ್ನೋ ತಿರುಗಿಸಿ ನೋಡಿದವು,
ಆಮೇಲೆ ಮುಷ್ಟಿಯಾಗಿ, ಒಂದು ಬಿಚ್ಚಿ ಒಂದು ಮಡಚಿ,
ಏರು, ಇಳಿವು, ಏರು ಎಂದು ಲೆಕ್ಕ ಹಾಕಿದವು.

ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದರು:
"ನಾನು ಎಡ ಅಂದೆ. ಎಡಕ್ಕೆ ತಿರುಗಿಸಿದಳು."
ಅತ್ತೆ ನನ್ನ ಮುಖ ನೋಡಿದರು.
ಮಾತು ಇಳಿಜಾರಿನ ತುದಿಯಲ್ಲಿತ್ತು.
ನಾನು ಏನನ್ನೂ ಒತ್ತಲಿಲ್ಲ, ಸಾರು ಬಡಿಸಿದೆ.

ಬೆಳಗ್ಗೆ ಕೊಟ್ಟಿಗೆಯ ಕಡೆ ಕಟ್ ಕಟ್ ಸದ್ದು.
ನಿಂತ ಟಿಲ್ಲರಿನ ಹಿಂದೆ ಭಾವ,
ಲುಂಗಿ ಎತ್ತಿ ಕಟ್ಟಿ,
ಎಡ ಒತ್ತಿ ಬಿಡುತ್ತಿದ್ದರು, ಬಲ ಒತ್ತಿ ಬಿಡುತ್ತಿದ್ದರು.
ನಿಂತ ಗಾಡಿ ಏನನ್ನೂ ಹೇಳಿಕೊಡುವುದಿಲ್ಲ.
ಒಳಗಿಂದ ಸ್ಟಾರ್ಟಿಂಗ್ ಹ್ಯಾಂಡಲ್ಲು ತಂದುಕೊಟ್ಟೆ.